ಜನರೇಟರ್ ಕೊಟ್ಟ ದನಿ

ನನ್ನ ತಂಗಿಯನ್ನು ನಾವು ಮನೆಯಲ್ಲಿ ಕರೆಯುವುದು ಚಡಪಡಿ ಎಂದು. ಕ್ಯಾಸೆಟ್ಟಿನ ಮೇಲೆ ಯಾವ ಹೆಸರು ಬೇಕಾದರೂ ಅಚ್ಚಾಗಿರಲಿ, ನಮಗೆ ಅವಳು ಚಡಪಡಿಯೇ. ಕೂತಲ್ಲಿ ಕೂರಲಾರಳು, ನಿಂತಲ್ಲಿ ನಿಲ್ಲಲಾರಳು. ಊಟದ ಮೇಜಿನ ಕೆಳಗೆ ಅವಳ ಮೊಣಕಾಲು ಕುಣಿಯತೊಡಗಿದರೆ ಮೇಲಿದ್ದ ಲೋಟಗಳ ನೀರೆಲ್ಲ ಅಲುಗುತ್ತಿತ್ತು. "ಕಾಲಿಗೆ ಚಕ್ರ ಕಟ್ಕೊಂಡೇ ಹುಟ್ಟಿದೆ ಇದು" ಎಂದು ಅಮ್ಮ ಬೈಯುತ್ತಿದ್ದಳು. ಬೈದು ಮುಗಿಸಿ ತನ್ನ ತಟ್ಟೆಯ ಮೊಟ್ಟೆಯನ್ನು ಅವಳ ತಟ್ಟೆಗೆ ಸರಿಸುತ್ತಿದ್ದಳು. ಹೆತ್ತವರಿಗೆ ಹೆಗ್ಗಣ ಮುದ್ದು, ನಾನು ಏನು ಹೇಳಿದರೆ ಏನು.

ನಾನು ದೊಡ್ಡವಳು, ಟೈಲರ್. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ನನ್ನ ಅಂಗಡಿ, ಅದರ ಮೇಲೆ ನಮ್ಮ ಮನೆ. ಡ್ರೈವರುಗಳ ಪ್ಯಾಂಟು, ಕಂಡಕ್ಟರುಗಳ ಕೋಟು, ಶಾಲೆ ಮಕ್ಕಳ ಯೂನಿಫಾರಂ ಹೊಲಿದು ಹೊಲಿದು ಬೆನ್ನು ಬಾಗಿದೆ. ನನಗೆ ಗಲಾಟೆ ಆಗಿಬರುವುದಿಲ್ಲ, ಅವಸರ ಆಗಿಬರುವುದಿಲ್ಲ, ಎದುರು ಮಾತಾಡುವವರು ಮೊದಲೇ ಆಗಿಬರುವುದಿಲ್ಲ. ನನ್ನ ಬೆನ್ನಿಗೆ ಹುಟ್ಟಿದವಳು ಅಂಥವಳು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುತ್ತಾರಲ್ಲ, ನಮ್ಮ ಮನೆ ನೋಡಿಯೇ ಹೇಳಿದ್ದಿರಬೇಕು. ಆದರೂ ಅವಳ ವಿಷಯ ಬರೆಯಲು ನಾನೇ ಕೂತಿದ್ದೇನೆ, ಏಕೆಂದರೆ ಅವಳ ದನಿಯ ಬಗ್ಗೆ ಪತ್ರಿಕೆಯವರು ಬರೆದದ್ದೆಲ್ಲ ಬುರುಡೆ. ಆ ದನಿ ಎಲ್ಲಿಂದ ಬಂತು, ಅದು ಬರಲಿ ಎಂದು ಯಾವ ದನಿಯನ್ನು ಪಣಕ್ಕಿಟ್ಟಳು ಎನ್ನುವುದು ನನಗೆ ಗೊತ್ತು.

ಓದು ಮುಗಿದ ಮೇಲೆ ಅವಳು ಯಾವ ಕೆಲಸದಲ್ಲೂ ನಿಲ್ಲಲಿಲ್ಲ. ಔಷಧಿ ಅಂಗಡಿಗೆ ಹೋದಳು, ಗೋಡೆಯ ಬಣ್ಣ ನೋಡಿ ತಲೆನೋವು ಬರುತ್ತದೆ ಎಂದು ಬಿಟ್ಟಳು. ಫೋಟೋ ಸ್ಟುಡಿಯೋಗೆ ಹೋದಳು, ಕತ್ತಲೆ ಕೋಣೆಯಲ್ಲಿ ಕಾಯುವುದು ತನ್ನಿಂದಾಗದು ಎಂದು ಬಿಟ್ಟಳು. ಕಡೆಗೆ ಬಸ್ ನಿಲ್ದಾಣದಲ್ಲಿ ಅನೌನ್ಸರ್ ಕೆಲಸ ಸಿಕ್ಕಿತು. ಅವಳ ದನಿ ಕೇಳಿದ ಕೂಡಲೇ ಮೇಲ್ವಿಚಾರಕರು ನಾಳೆಯಿಂದ ಬಾಮ್ಮ ಎಂದರಂತೆ. ತಿಳಿಯಾದ ದನಿ, ತುಸು ತೆಳು, ಒಂದಕ್ಷರವೂ ನುಂಗುತ್ತಿರಲಿಲ್ಲ. ನಾಲ್ಕು ಬಸ್ಸು ಒಟ್ಟಿಗೆ ಹಾರ್ನ್ ಹೊಡೆಯುತ್ತಿದ್ದರೂ ಅವಳು ಹೇಳಿದ ಪ್ಲಾಟ್‌ಫಾರಂ ನಂಬರು ಮೂಲೆಯಲ್ಲಿ ಕೂತ ಅಜ್ಜಿಗೂ ಕೇಳಿಸುತ್ತಿತ್ತು. ಅಂಗಡಿಯಲ್ಲಿ ಮೆಷಿನ್ ತುಳಿಯುತ್ತ ಕೂತ ನನಗೂ ಕೇಳಿಸುತ್ತಿತ್ತು. ನಾನು ಅದನ್ನು ಗಡಿಯಾರದ ಬದಲಿಗೆ ಬಳಸುತ್ತಿದ್ದೆ. ಸಮುದ್ರದ ಕಡೆಯ ಬಸ್ಸು ಹೊರಟಿತು ಎಂದರೆ ಟೀ ಹೊತ್ತು.

ಕೆಲಸವೇನೋ ಅವಳಿಗೆ ಒಗ್ಗಿತು, ಗಾಜಿನ ಕ್ಯಾಬಿನ್ ಒಗ್ಗಲಿಲ್ಲ. ಒಬ್ಬರು ಕಾಲು ಚಾಚಿದರೆ ಗೋಡೆಗೆ ತಾಗುವ ಡಬ್ಬ ಅದು. ಒಂದು ಮೈಕು, ಒಂದು ಫ್ಯಾನು, ಕೂರಲು ಕಬ್ಬಿಣದ ಸ್ಟೂಲು. ಊರನ್ನೆಲ್ಲ ಹೊರಡಿಸಿ ತಾನು ಅಲ್ಲೇ ಕೂರಬೇಕು. ಸಂಜೆ ಮನೆಗೆ ಬಂದವಳು ಕೋಣೆಯಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಬಾಲ್ಕನಿಗೆ ತಿರುಗುತ್ತಿದ್ದಳು. "ನೆಲ ಸವೀತದೆ ಕಣೇ, ಒಂದು ಕಡೆ ಕೂರು" ಎಂದರೆ, "ಇಡೀ ದಿನ ಕೂತೇ ಇದ್ನಲ್ಲಕ್ಕ" ಎನ್ನುತ್ತಿದ್ದಳು.

ಈ ಚಡಪಡಿಕೆಗೆ ಜೊತೆಯಾದವರು ಇಬ್ಬರು. ಒಬ್ಬ ನಿಲ್ದಾಣದ ಹಿಂದಿನ ಶೆಡ್ಡಿನಲ್ಲಿ ಬಸ್ಸುಗಳಿಗೆ ಬಣ್ಣ ಬಳಿಯುವ ಪೇಂಟರ್. ಅವನ ಹತ್ತಿರ ಎಲೆಕ್ಟ್ರಿಕ್ ಗಿಟಾರ್ ಇತ್ತು, ಅದಕ್ಕೂ ಬಸ್ಸಿನ ಬಣ್ಣವೇ. ಇನ್ನೊಬ್ಬ ಬೇಕರಿಯವನು. ಬೆಳಗ್ಗೆ ಹಿಟ್ಟು ಗುದ್ದಿ, ಮಧ್ಯಾಹ್ನ ಡ್ರಮ್ಮು ಗುದ್ದುವವನು. ಚಡಪಡಿ ಹಳೆಯದೊಂದು ಬಾಸ್ ಗಿಟಾರ್ ಕೊಂಡು ತಂದಳು. ನಾಲ್ಕೇ ತಂತಿ, ಒಂದೊಂದೂ ಸೈಕಲ್ ಬ್ರೇಕಿನ ವಯರಿನಷ್ಟು ದಪ್ಪ. ರಜೆಯ ದಿನ ಪೇಂಟ್ ಶೆಡ್ಡಿನಲ್ಲಿ ಮೂವರೂ ಸೇರಿ ಎಬ್ಬಿಸುತ್ತಿದ್ದ ಸದ್ದಿಗೆ ಗ್ರಂಜ್ ಎಂದು ಹೆಸರಂತೆ. ಗಿಟಾರಿನ ದನಿಯನ್ನು ಬೇಕೆಂದೇ ಕೆಡಿಸಬೇಕು, ತಾಳ ಎಳೆಯಬೇಕು, ಹಾಡುವವರು ಮೊದಲು ಗೊಣಗಬೇಕು, ಆಮೇಲೆ ಗಂಟಲು ಹರಿಯುವ ಹಾಗೆ ಕೂಗಬೇಕು. ನನ್ನ ಕಿವಿಗೆ ಅದು ತಗಡಿನ ಮೇಲೆ ಕಬ್ಬಿಣದ ಮಂಚ ಎಳೆದ ಹಾಗೆ ಇತ್ತು. "ಮದ್ವೆ ಮಾಡಿದ್ರೆ ಸರಿಹೋಗ್ತಾಳೆ" ಎಂದು ಯಾರೋ ಅಮ್ಮನಿಗೆ ಹೇಳಿದರು. ಅಮ್ಮ ನಿಟ್ಟುಸಿರು ಬಿಟ್ಟು, "ಹುಚ್ಚು ಬಿಡೋ ತನಕ ಮದ್ವೆ ಆಗಲ್ಲ, ಮದ್ವೆ ಆಗೋ ತನಕ ಹುಚ್ಚು ಬಿಡಲ್ಲ" ಎಂದು ಆ ಮಾತನ್ನು ಅಲ್ಲಿಗೇ ಮುಗಿಸಿದಳು.

ಹಾಡುಗಳನ್ನು ಅವಳು ಕ್ಯಾಬಿನ್ನಿನಲ್ಲೇ ಕಟ್ಟುತ್ತಿದ್ದಳು, ಎರಡು ಅನೌನ್ಸ್‌ಮೆಂಟುಗಳ ನಡುವೆ. ಬಸ್ಸು ತಪ್ಪಿಸಿಕೊಂಡವರು, ಬೀಳ್ಕೊಡಲು ಬಂದು ಬೀಳ್ಕೊಡದೆ ನಿಂತವರು, ಬೆಂಚಿನ ಮೇಲೆ ಮಲಗಿ ತಮ್ಮ ಊರಿನ ಬಸ್ಸು ಹೋಗುವುದನ್ನು ನೋಡುತ್ತಿದ್ದವರು, ಎಲ್ಲರೂ ಅವಳ ಹಾಡಿನಲ್ಲಿ ಇದ್ದರು. "ತಡವಾಗಿ ಹೊರಡುತ್ತದೆ, ತಡವಾಗಿ ಹೊರಡುತ್ತದೆ, ಹೊರಡುವುದು ನಾನಲ್ಲ" ಎಂಬುದು ಒಂದರ ಪಲ್ಲವಿ. ಆಲ್ಬಮ್ಮಿಗೂ ಅದೇ ಹೆಸರಿಟ್ಟರು, ತಡವಾಗಿ ಹೊರಡುತ್ತದೆ. ಹಾಡು ನನಗೆ ಹಿಡಿಸದಿದ್ದರೂ ಮಾತು ಹಿಡಿಸಿತು. ಅದನ್ನು ಅವಳ ಮುಂದೆ ಹೇಳಲಿಲ್ಲ, ಮೊದಲೇ ಕೋತಿ, ಹೆಂಡ ಬೇರೆ ಕುಡಿಸಬೇಕೇ.

ರೆಕಾರ್ಡಿಂಗ್ ಮಾಡಿದ್ದು ಒಂದು ಮುಚ್ಚಿದ ಐಸ್ ಫ್ಯಾಕ್ಟರಿಯಲ್ಲಿ. ಕಾವಲುಗಾರ ಬೇಕರಿಯವನ ಭಾವ, ಬೀಗ ತೆಗೆದುಕೊಟ್ಟ. ಪೇಂಟರ್ ಎಲ್ಲಿಂದಲೋ ದೊಡ್ಡ ಚಕ್ರಗಳ ಹಳೆಯ ಟೇಪ್ ರೆಕಾರ್ಡರ್ ತಂದಿದ್ದ. ಇಬ್ಬರು ಹೊರಬೇಕು, ಅಷ್ಟು ಭಾರ. ಒಳಗೆ ಸದ್ದು ಗೋಡೆಯಿಂದ ಗೋಡೆಗೆ ಹೊಡೆಯುತ್ತದೆ, ಕಟ್ಟಲು ದಪ್ಪ ಪರದೆ ಬೇಕು ಎಂದು ಚಡಪಡಿ ನನ್ನ ಬೆನ್ನು ಬಿದ್ದಳು. ಹಳೆ ಹಾಸಿಗೆಗಳ ಬಟ್ಟೆ, ಹರಿದ ಕಂಬಳಿ, ಇನ್ನು ಹೊಲಿಯಲು ಬಾರದಷ್ಟು ಹಳತಾದ ಕೋಟುಗಳ ಒಳಪದರ, ಎಲ್ಲ ಸೇರಿಸಿ ನಾನು ಹೊಲಿದುಕೊಟ್ಟೆ. ಹೊಲಿದ ಮೇಲೆ ಕಟ್ಟಲೂ ನಾನೇ ಹೋಗಬೇಕಾಯಿತು, ಆ ಮೂವರಿಗೂ ಒಂದು ಗಂಟು ನೆಟ್ಟಗೆ ಹಾಕಲು ಬಾರದು.

ಒಳಗೆ ಹಳೆಯ ಉಪ್ಪುನೀರಿನ ವಾಸನೆ. ಮಂಜುಗಡ್ಡೆ ಕಟ್ಟುವ ಉದ್ದನೆಯ ತಗಡಿನ ಡಬ್ಬಗಳು ತುಕ್ಕು ಹಿಡಿದು ಸಾಲಾಗಿ ನಿಂತಿದ್ದವು. ಒಂದನ್ನು ಬೋರಲು ಹಾಕಿಕೊಂಡು ನಾನು ಕೂತೆ. ಪರದೆಯ ನಡುವೆ ನಿಂತು ಅವಳು ಹಾಡಿದಳು. ಗೊಣಗಿದಳು, ಕೂಗಿದಳು, ಕೂಗಿನ ತುದಿಗೆ ದನಿ ಇನ್ನೇನು ಒಡೆಯುತ್ತದೆ ಅನ್ನುವಾಗ ಒಡೆಯದೆ ನಿಂತಿತು. ನನಗೆ ಅಳು ಬಂತು. ನನ್ನ ಬೆನ್ನಿಗೆ ಹುಟ್ಟಿದ ಆ ಹುಡುಗಿಯ ಒಳಗೆ ಇಷ್ಟು ಸಂಕಟ ಇತ್ತೇ, ಇದ್ದರೆ ನನಗೆ ಯಾಕೆ ಹೇಳಲಿಲ್ಲ ಎಂದು ಸಿಟ್ಟೂ ಬಂತು. "ಹೇಗಿತ್ತಕ್ಕ" ಎಂದು ಕೇಳಿದಳು. "ಗಂಟಲು ನೋಯಲ್ವೇನೇ" ಎಂದೆ. ನನ್ನಿಂದ ಹೊರಟದ್ದು ಅಷ್ಟೇ.

ಈಗ ಜನರೇಟರಿನ ವಿಷಯ. ಫ್ಯಾಕ್ಟರಿಗೆ ಕರೆಂಟು ಕಿತ್ತುಹಾಕಿ ವರ್ಷಗಳಾಗಿದ್ದವು. ಹಿತ್ತಿಲಿನ ಶೆಡ್ಡಿನಲ್ಲಿ ಹಳೆಯದೊಂದು ಡೀಸೆಲ್ ಜನರೇಟರ್ ಇತ್ತು, ಅದರ ಉಸ್ತುವಾರಿ ಬೇಕರಿಯವನದು. ಬೇಕರಿಯಲ್ಲೂ ಅದೇ ಕೆಲಸ ಅವನಿಗೆ. ಅಲ್ಲಿನ ರೂಢಿ ಏನೆಂದರೆ, ಹಿಟ್ಟು ಕಲಸುವ ಯಂತ್ರ ಹಾಕಿದಾಗ ಬಲ್ಬು ಮಂಕಾದರೆ ಜನರೇಟರಿಗೆ ಸ್ವಲ್ಪ ರೇಸ್ ಕೊಡುವುದು. ಬಲ್ಬು ಬೆಳಗುತ್ತದೆ, ಯಂತ್ರ ಚೂರು ಜೋರಾಗಿ ತಿರುಗುತ್ತದೆ, ಹಿಟ್ಟಿಗೆ ಏನು ಗೊತ್ತಾಗಬೇಕು. ಇಲ್ಲಿಯೂ ಆಂಪ್ಲಿಫೈಯರುಗಳನ್ನು ಹಾಕಿದೊಡನೆ ಬಲ್ಬು ಮಂಕಾಗುತ್ತಿತ್ತು. ಪ್ರತಿ ಹಾಡಿಗೂ ಮೊದಲು ಅವನು ಹೊರಗೆ ಓಡಿ ರೇಸ್ ಕೊಟ್ಟು ಬಂದು ಡ್ರಮ್ಮಿನ ಮುಂದೆ ಕೂರುತ್ತಿದ್ದ. ಆ ಟೇಪಿನ ಯಂತ್ರವೋ, ಕರೆಂಟು ಹೇಗೆ ಓಡಿಸಿದರೆ ಹಾಗೆ ಓಡುವ ಜಾತಿಯದು. ಜನರೇಟರ್ ಜೋರಾದರೆ ಟೇಪೂ ಜೋರು. ಅಲ್ಲೇ ಹಚ್ಚಿ ಕೇಳಿದಾಗ ಅದೇ ಜೋರಿನಲ್ಲಿ ಓಡಿ ಎಲ್ಲ ಸರಿಯಾಗಿಯೇ ಕೇಳಿಸಿತು. ಯಾರಿಗೂ ಏನೂ ಅನುಮಾನ ಬರಲಿಲ್ಲ.

ಟೇಪನ್ನು ದೊಡ್ಡ ಊರಿನ ಕ್ಯಾಸೆಟ್ ಕಂಪನಿಗೆ ಒಯ್ದರು. ನನ್ನನ್ನೂ ಕರೆದೊಯ್ದರು, ಮೂವರ ನಡುವೆ ಇಸ್ತ್ರಿ ಮಾಡಿದ ಬಟ್ಟೆ ಹಾಕುವವಳು ಒಬ್ಬಳಾದರೂ ಇರಲಿ ಎಂದು. ಕಂಪನಿಯ ಮಾಲೀಕರು ಕನ್ನಡಕವನ್ನು ಹಣೆಗೇರಿಸಿಕೊಂಡು ತಮ್ಮ ಯಂತ್ರಕ್ಕೆ ಟೇಪು ಹಾಕಿದರು. ಅಲ್ಲಿದ್ದದ್ದು ಊರಿನ ನೆಟ್ಟಗಿನ ಕರೆಂಟು. ಜೋರಾಗಿ ಓಡಿ ತುಂಬಿಕೊಂಡಿದ್ದ ಟೇಪು ಈಗ ನಿಧಾನವಾಗಿ ಬಿಚ್ಚಿಕೊಂಡಿತು. ಗಿಟಾರ್ ಕೆಸರಿನಲ್ಲಿ ಎದ್ದು ಬಂದಂತೆ ಬಂತು. ಡ್ರಮ್ಮು ಕಾಲೆಳೆಯಿತು. ಆಮೇಲೆ ದನಿ. ಅದು ನನ್ನ ತಂಗಿಯದಾಗಿರಲಿಲ್ಲ. ಹೆಂಗಸೋ ಗಂಡಸೋ ತಿಳಿಯದ, ವಯಸ್ಸಾದ, ಯಾವುದೋ ಆಳದಲ್ಲಿ ಕೂತು ಮಾತಾಡುವ ದನಿ. ಪೇಂಟರನ ಮುಖ ಬಿಳಿಚಿಕೊಂಡಿತು.

ಮಾಲೀಕರು ಕಣ್ಣು ಮುಚ್ಚಿ ಇಡೀ ಹಾಡು ಕೇಳಿದರು. "ಯಾರು ಹಾಡಿದ್ದು, ಇವರಾ? ಇಷ್ಟು ಸಣ್ಣ ಜೀವದಲ್ಲಿ ಅಷ್ಟು ಹಳೇ ದನಿ ಎಲ್ಲಿಟ್ಕೊಂಡಿದೀರಿ ಮೇಡಂ?"

"ಸಾರ್, ನಿಮ್ಮ ಮೆಷಿನ್ ನಿಧಾನ ಓಡ್ತಿದೆ" ಎಂದಳು ಚಡಪಡಿ.

"ನನ್ನ ಮೆಷಿನ್ ಸರಿಯಾಗೇ ಇದೆ."

ಆಗ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬೇಕರಿಯವನು ತಲೆ ಕೆರೆದುಕೊಂಡ. "ಲೈಟು ಮಂಕಾಗ್ತಿತ್ತು, ರೇಸ್ ಕೊಟ್ಟೆ. ಅಂಗಡೀಲಿ ಹಂಗೇ ಮಾಡೋದು" ಎಂದ. ಪೇಂಟರ್ ಅವನನ್ನು ಅಲ್ಲೇ ನುಂಗುವ ಹಾಗೆ ನೋಡಿದ. ಚಡಪಡಿ ಮಾಲೀಕರನ್ನು ಬೇಡಿಕೊಂಡಳು, ವೇಗ ಸ್ವಲ್ಪ ಏರಿಸಿ, ನಮ್ಮ ಹಾಡು ಹೀಗಿಲ್ಲ ಎಂದು. ಅವರು ಒಂದು ಗುಂಡಿ ತಿರುಗಿಸಿದರು. ಟೇಪು ಜೋರಾಯಿತು, ಐಸ್ ಫ್ಯಾಕ್ಟರಿಯಲ್ಲಿ ನನ್ನನ್ನು ಅಳಿಸಿದ ದನಿ ಬಂತು. ನನಗೆ ಹೋದ ಜೀವ ಬಂದಂತಾಯಿತು. ಮಾಲೀಕರು ಅರ್ಧ ಹಾಡಿಗೇ ನಿಲ್ಲಿಸಿದರು.

"ಚೆನ್ನಾಗಿದೆ. ಇಂಥ ದನಿಯವರು ವಾರಕ್ಕಿಷ್ಟು ಜನ ಈ ಬಾಗಿಲಿಗೆ ಬರ್ತಾರೆ. ಮೊದಲಿನದು ಬಂದಿಲ್ಲ. ಅದನ್ನಾದ್ರೆ ನಾಳೇನೇ ಅಚ್ಚಿಗೆ ಕಳಿಸ್ತೀನಿ, ಇದು ಬೇಡ."

ನನ್ನ ಪಕ್ಕದಲ್ಲಿ ಕೂತಿದ್ದ ಅವಳ ಮೊಣಕಾಲು ನಿಂತುಹೋಯಿತು. ಅದು ನಿಂತದ್ದನ್ನು ನಾನು ಅದೇ ಮೊದಲು ಕಂಡದ್ದು. "ಆಯ್ತು ಸಾರ್, ಮೊದಲಿನದೇ ಇರಲಿ" ಎಂದಳು.

ವಾಪಸ್ ಬರುವಾಗ ಹುಡುಗರಿಬ್ಬರೂ ಬಸ್ಸಿನ ಹಿಂದಿನ ಸೀಟಿನಲ್ಲಿ ಕುಣಿಯುತ್ತಿದ್ದರು. ಅವಳು ಕಿಟಕಿಯ ಬಳಿ ಕೂತಿದ್ದಳು. "ಬೇಡ ಅನ್ಬೇಕಿತ್ತು. ಅದು ನಿನ್ನ ದನೀನೇ ಅಲ್ಲ" ಎಂದೆ. "ಗೊತ್ತಕ್ಕ" ಎಂದಳು. "ಆದ್ರೆ ಅದು ನನಗಿಂತ ಚೆನ್ನಾಗಿ ಹಾಡ್ತು."

ಕ್ಯಾಸೆಟ್ ಬಂದ ಮೊದಮೊದಲು ಏನೂ ಆಗಲಿಲ್ಲ. ಆಮೇಲೆ ಯಾವುದೋ ರೇಡಿಯೋದವರು ಒಂದು ಹಾಡು ಹಾಕಿದರು. ಮತ್ತೆ ಮತ್ತೆ ಹಾಕಿದರು. ನೋಡುನೋಡುತ್ತಿದ್ದಂತೆ ಕ್ಷೌರದ ಅಂಗಡಿ, ಗ್ಯಾರೇಜು, ಕಾಲೇಜಿನ ಕ್ಯಾಂಟೀನು, ಎಲ್ಲಿ ನೋಡಿದರೂ ಅದೇ. ಅಂಗಡಿಗಳಲ್ಲಿ ಕ್ಯಾಸೆಟ್ ಮುಗಿದು ಮತ್ತೆ ಅಚ್ಚು ಹಾಕಿದರು, ಅದೂ ಮುಗಿಯಿತು. ನನ್ನ ಅಂಗಡಿಗೆ ಬಂದ ಹುಡುಗನೊಬ್ಬ ಹೊಸ ಪ್ಯಾಂಟಿನ ಮೊಣಕಾಲು ಹರಿದುಕೊಡಿ ಎಂದ. ಇಷ್ಟು ವರ್ಷ ಹರಿದದ್ದನ್ನು ಹೊಲಿದ ಕೈ ನನ್ನದು, ಅವನನ್ನು ಬಾಗಿಲಿನಿಂದಲೇ ಅಟ್ಟಿದೆ. ಪತ್ರಿಕೆಯೊಂದು ಬರೆಯಿತು, ಈ ಗಾಯಕಿಯ ದನಿಯಲ್ಲಿ ನೂರು ವರ್ಷದ ದಣಿವು ಇದೆ ಎಂದು. ದಣಿವೂ ಇಲ್ಲ, ಮಣ್ಣೂ ಇಲ್ಲ, ಡೀಸೆಲ್ಲು ಎಂದು ನಾನು ಅಮ್ಮನಿಗೆ ಹೇಳಿದೆ. ಅಮ್ಮ ಆ ಬರಹವನ್ನು ಕತ್ತರಿಸಿ ಕನ್ನಡಿಯ ಪಕ್ಕ ಅಂಟಿಸಿದಳು.

ತಮಾಷೆ ಎಂದರೆ, ನಿಲ್ದಾಣದಲ್ಲಿ ಯಾರಿಗೂ ಅದು ಇವಳೆಂದು ಗೊತ್ತಿರಲಿಲ್ಲ. ಡ್ರೈವರುಗಳು ಬಸ್ಸು ನಿಲ್ಲಿಸಿಕೊಂಡು ಅದೇ ಕ್ಯಾಸೆಟ್ ಜೋರಾಗಿ ಹಾಕುತ್ತಿದ್ದರು. ಆ ಹಾಡಿನ ಮೇಲೆಯೇ ಇವಳು ಪ್ಲಾಟ್‌ಫಾರಂ ನಂಬರು ಹೇಳಬೇಕು. ಒಬ್ಬ ಕ್ಯಾಬಿನ್ನಿನ ಗಾಜು ತಟ್ಟಿ, "ಸ್ವಲ್ಪ ಸುಮ್ನಿರ್ತೀರಾ ಮೇಡಂ, ಒಳ್ಳೆ ಹಾಡು ಬರ್ತಿದೆ, ನಿಮ್ಮ ಗದ್ದಲದಲ್ಲಿ ಕೇಳಿಸ್ತಿಲ್ಲ" ಎಂದನಂತೆ. ಮನೆಗೆ ಬಂದು ಅದನ್ನು ಹೇಳಿಕೊಂಡು ಹೊಟ್ಟೆ ಹಿಡಿದು ನಕ್ಕಳು. ನಾವೂ ನಕ್ಕೆವು. ನಗು ನಿಂತ ಮೇಲೂ ಅವಳು ಕೋಣೆಯೊಳಗೆ ಅತ್ತಿಂದಿತ್ತ ತಿರುಗುತ್ತಲೇ ಇದ್ದಳು.

ಮೊದಲ ಕಾರ್ಯಕ್ರಮ ನಮ್ಮೂರಿನ ಸಿನಿಮಾ ಹಾಲಿನಲ್ಲಿ ಇಟ್ಟುಕೊಂಡರು. ಕ್ಯಾಸೆಟ್ಟಿನ ಹಾಗೆ ಕೇಳಿಸಬೇಕಲ್ಲ, ಪೇಂಟರ್ ಗಿಟಾರಿನ ತಂತಿಗಳನ್ನು ಸಡಿಲ ಮಾಡಿದ. ಒಂದೊಂದು ಹಾಡಿಗೆ ಬೇಕರಿಯವನು ಒಂದೊಂದು ಥರ ರೇಸ್ ಕೊಟ್ಟಿದ್ದರಿಂದ ಪ್ರತಿ ಹಾಡಿಗೂ ಬಿರಡೆ ತಿರುಗಿಸಿ ಹೊಸದಾಗಿ ಶ್ರುತಿ ಮಾಡಬೇಕಾಗಿತ್ತು. ಡ್ರಮ್ಮನ್ನು ನಿಧಾನವಾಗಿ ಬಾರಿಸಿದ್ದಾಯಿತು. ಗಂಟಲಿಗೆ ಬಿರಡೆ ಎಲ್ಲಿಂದ ತರುವುದು. ಅವಳು ತನ್ನ ದನಿಯಲ್ಲೇ ಹಾಡಿದಳು, ಐಸ್ ಫ್ಯಾಕ್ಟರಿಯಲ್ಲಿ ಹಾಡಿದಷ್ಟೇ ಚೆನ್ನಾಗಿ. ಜನ ಮೊದಲು ಪಿಸುಗುಟ್ಟಿದರು, ಆಮೇಲೆ ಕ್ಯಾಸೆಟ್ಟಿನವಳನ್ನು ಕರೆಸಿ ಎಂದು ಕೂಗಿದರು. ಆಗ ಹಿಂದಿನ ಸಾಲಿನಿಂದ ಒಬ್ಬ ಎದ್ದು ನಿಂತು ಗಟ್ಟಿಯಾಗಿ ಕೇಳಿದ, "ಯಾವ ಪ್ಲಾಟ್‌ಫಾರಂ ಮೇಡಂ?"

ಇಡೀ ಹಾಲು ಗೊಳ್ಳೆಂದು ನಕ್ಕಿತು. ದಿನಾ ಬಸ್ಸಿಗೆ ಓಡಾಡುವ ಜನ, ಒಬ್ಬ ಹೇಳಿದ ಮೇಲೆ ಎಲ್ಲರಿಗೂ ಆ ದನಿ ಗುರುತು ಸಿಕ್ಕಿತು. ಚಡಪಡಿ ಹಾಡು ನಿಲ್ಲಿಸಲಿಲ್ಲ, ಮುಗಿಸಿಯೇ ಇಳಿದಳು. ಮೆಟ್ಟಿಲಿನ ಬಳಿ ನಾನು ಕೈ ಹಿಡಿಯಲು ಹೋದೆ, ಕೊಸರಿಕೊಂಡಳು. ಅವನು ಕೈಗೆ ಸಿಕ್ಕಿದ್ದರೆ ಅವನ ಬಾಯಿಗೇ ಹೊಲಿಗೆ ಹಾಕುತ್ತಿದ್ದೆ.

ಮಾರನೆಯ ದಿನದಿಂದ ಶುರುವಾಯಿತು. ಸಿಗರೇಟು ಸೇದಿದರೆ ದನಿ ಇಳಿಯುತ್ತದೆ ಎಂದು ಯಾರೋ ಹೇಳಿದರು, ಸೇದಿದಳು. ಐಸು ಜಗಿದಳು. ನನ್ನ ಅಂಗಡಿಯ ಕೋಟುಗಳ ಕಪಾಟಿನೊಳಗೆ ತಲೆ ತೂರಿಸಿ, ಹೊರಗೆ ಕೇಳದ ಹಾಗೆ, ಗಂಟಲು ಕಿತ್ತುಬರುವಂತೆ ಕಿರುಚುತ್ತಿದ್ದಳು. ಅಳತೆ ಕೊಡಲು ಬಂದವರು ಬೆಚ್ಚಿಬಿದ್ದು ನನ್ನ ಮುಖ ನೋಡುತ್ತಿದ್ದರು. ಏನೆಂದು ಹೇಳಲಿ, ಬೆಕ್ಕು ಎಂದೆ. ಮಾತಾಡುವಾಗಲೂ ಗದ್ದ ಎದೆಗೊತ್ತಿಕೊಂಡು ದಪ್ಪ ದನಿ ಮಾಡುತ್ತಿದ್ದಳು. ಒಂದು ದಿನ ನಿಲ್ದಾಣದಿಂದ ಮನೆಗೆ ಫೋನ್ ಮಾಡಿದರೆ ಅಮ್ಮ ಯಾರೋ ಗಂಡಸೆಂದು ತಿಳಿದು, "ಇಲ್ಲಿ ಅಂಥೋರು ಯಾರೂ ಇಲ್ಲ ಕಣಪ್ಪ" ಎಂದು ಇಟ್ಟುಬಿಟ್ಟಳು. ಅಂದು ಯಾರೂ ನಗಲಿಲ್ಲ.

ಎಳೆದುಕೊಂಡು ಡಾಕ್ಟರ ಹತ್ತಿರ ಹೋದೆ. ಅವರು ಗಂಟಲಿಗೆ ಪುಟ್ಟ ಕನ್ನಡಿ ಇಳಿಸಿ ನೋಡಿದರು, ಅಕ್ಕಿಕಾಳಿನಷ್ಟು ಗಂಟುಗಳಾಗಿವೆ ಎಂದರು. "ಈಗಲೇ ನಿಲ್ಲಿಸಿದ್ರೆ ನಿಮ್ಮ ದನಿ ಉಳಿಯುತ್ತೆ. ಹೀಗೇ ಕೂಗ್ತಾ ಹೋದ್ರೆ ಅದು ಮತ್ತೆ ಸಿಗಲ್ಲ. ಆಮೇಲೆ ನನ್ನ ಹತ್ರ ಬಂದು ಪ್ರಯೋಜನ ಇಲ್ಲ." ಚಡಪಡಿ ಕುರ್ಚಿಯ ತುದಿಯಲ್ಲಿ ಕೂತು, ಮತ್ತೆ ಸಿಗಲ್ಲ ಎಂದರೆ ಏನು ಸಿಗುತ್ತದೆ ಎಂದು ಕೇಳಿದಳು. ಡಾಕ್ಟರಿಗೆ ಪ್ರಶ್ನೆ ಅರ್ಥವಾಗಲಿಲ್ಲ. ನನಗೆ ಅರ್ಥವಾಯಿತು, ಅವಳನ್ನು ಎಬ್ಬಿಸಿಕೊಂಡು ಹೊರಟೆ.

ಅಷ್ಟರಲ್ಲಿ ಕಂಪನಿಯವರು ದೊಡ್ಡ ಊರಿನ ಮೈದಾನದಲ್ಲಿ ಭಾರಿ ಕಾರ್ಯಕ್ರಮ ಇಟ್ಟುಕೊಂಡಿದ್ದರು. ಮಾಲೀಕರಿಗೂ ಸಿನಿಮಾ ಹಾಲಿನ ಸುದ್ದಿ ಮುಟ್ಟಿತ್ತು. ಅವರದು ಸುಲಭದ ಉಪಾಯ. ಟೇಪು ಹಾಕೋಣ, ನೀವು ಬಾಯಿ ಆಡಿಸಿ ಮೇಡಂ, ಅಷ್ಟು ದೂರದಿಂದ ಯಾರಿಗೆ ಕಾಣುತ್ತೆ ಎಂದರು. ಕೇಳಿದರೆ ಅಸಹ್ಯ, ಆದರೆ ಗಂಟಲು ಉಳಿಯುವ ದಾರಿ ಅದೊಂದೇ. ನಾನು ಒಪ್ಪಿಕೊ ಎಂದೆ. ಬೈದೆ, ಕೈ ಹಿಡಿದು ಬೇಡಿದೆ.

"ನಾನೇನು ಗೊಂಬೇನಾ?" ಎಂದಳು.

"ಗೊಂಬೆಗೆ ಗಂಟಲಲ್ಲಿ ಗಂಟಾಗಲ್ಲ. ಯಾರದೋ ದನಿಗೋಸ್ಕರ ನಿಂದು ಸುಟ್ಕೋತೀಯಾ? ಬುದ್ಧಿ ಬೇಡ್ವಾ?"

"ಯಾರದೋ ಅಲ್ಲ ಅಕ್ಕ. ಅದು ನನ್ನ ಬಾಯಿಂದಾನೇ ಬಂದಿದ್ದು. ನಾನಿನ್ನೂ ಅಲ್ಲಿಗೆ ಹೋಗಿ ಮುಟ್ಟಿಲ್ಲ, ಅಷ್ಟೇ."

ಇಬ್ಬರೂ ಎರಡು ದಿನ ಮಾತು ಬಿಟ್ಟೆವು. ಮೂರನೆಯ ದಿನ ಅವಳಿಗೊಂದು ಕಪ್ಪು ಕೋಟು ಹೊಲಿಯಲು ಕೂತೆ. ಕುತ್ತಿಗೆಪಟ್ಟಿಗೆ ಉಣ್ಣೆಯ ಬಟ್ಟೆ ಕೊಟ್ಟೆ, ಗಂಟಲು ಬೆಚ್ಚಗಿರಲಿ ಎಂದು. ಎಂಥ ಪೆದ್ದಿ ನಾನು.

ಆ ಸಂಜೆ ಮೈದಾನದಲ್ಲಿ ಎಳ್ಳು ಹಾಕಿದರೆ ಕೆಳಗೆ ಬೀಳದಷ್ಟು ಜನ. ನಾನು ವೇದಿಕೆಯ ಪಕ್ಕದ ಕಟಕಟೆ ಹಿಡಿದು ನಿಂತಿದ್ದೆ. ಅವಳು ಬಾಸ್ ಗಿಟಾರ್ ನೇತುಹಾಕಿಕೊಂಡು ಬಂದಳು, ಮೈಕಿನ ಮುಂದೆ ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಿಸುತ್ತ ನಿಂತಳು. ಡ್ರಮ್ಮು ಎಳೆದುಕೊಂಡು ಶುರುವಾಯಿತು. ಅವಳು ಬಾಯಿ ತೆರೆದಳು.

ಅದೇ ದನಿ ಬಂತು. ಕ್ಯಾಸೆಟ್ಟಿನದೇ, ಒಂದೆಳೆ ಹೆಚ್ಚಿಲ್ಲ, ಕಡಿಮೆಯಿಲ್ಲ. ನನ್ನ ಎದುರಿಗೇ ನಿಂತಿದ್ದಾಳೆ, ಟೇಪು ಹಾಕಲು ಬಿಟ್ಟಿಲ್ಲ, ಯಂತ್ರವಿಲ್ಲ. ಜನ ಹುಚ್ಚೆದ್ದು ಕೂಗಿದರು. ನನ್ನ ಪಕ್ಕದಲ್ಲಿದ್ದ ದೊಡ್ಡ ಮೀಸೆಯ ಗಂಡಸೊಬ್ಬ ಮಗುವಿನ ಹಾಗೆ ಅಳುತ್ತಿದ್ದ. ನಾನೂ ಅಳುತ್ತಿದ್ದೆ, ನನ್ನ ಕಾರಣ ಬೇರೆ. ಹಾಡಿನಿಂದ ಹಾಡಿಗೆ ಆ ದನಿ ಇನ್ನೂ ಇಳಿಯಿತು. ಕೊನೆಯ ಹಾಡಿನಲ್ಲಿ, "ಹೊರಡುವುದು ನಾನಲ್ಲ" ಎಂದು ಕೂಗಬೇಕಾದಲ್ಲಿ, ಬಾಯಿ ತೆರೆಯಿತು, ಕುತ್ತಿಗೆಯ ನರ ಉಬ್ಬಿತು, ಬರೀ ಗಾಳಿ ಬಂತು. ಜನ ಅದನ್ನು ಹಾಡಿನ ಭಾಗವೆಂದೇ ತಿಳಿದು ಆ ಸಾಲನ್ನು ತಾವೇ ಹಾಡಿದರು. ಮೀಸೆಯವನು ನನ್ನ ಕಡೆ ತಿರುಗಿ, "ಇದಪ್ಪಾ ನಿಜವಾದ ದನಿ ಅಂದ್ರೆ" ಎಂದ. ಅವನನ್ನು ಹೊಡೆಯಲು ಕೈ ಎತ್ತಿದ್ದೆ, ಪೇಂಟರನ ಹೆಂಡತಿ ಹಿಡಿದುಕೊಂಡಳು.

ಆಮೇಲೆ ಹಲವು ವಾರ ಒಂದು ಮಾತೂ ಆಡಬಾರದು ಎಂದು ಡಾಕ್ಟರು ಹೇಳಿದರು. ಆಡುವುದಕ್ಕೆ ದನಿಯೂ ಇರಲಿಲ್ಲ. ಸುಮ್ಮನೆ ಕೂರಲಾರದವಳು ಸುಮ್ಮನಿರಬೇಕಾದರೆ ಮನೆಯ ಗತಿ ಏನಾಗಬೇಡ. ಪಾತ್ರೆಗಳನ್ನೆಲ್ಲ ಉಜ್ಜಿದಳು, ನನ್ನ ಗುಂಡಿಗಳ ಡಬ್ಬಗಳನ್ನು ಸುರಿದು ಬಣ್ಣದ ಪ್ರಕಾರ ಜೋಡಿಸಿದಳು, ನನಗೆ ಬೇಕಾದ ಗುಂಡಿ ಈಗಲೂ ಸಿಗುವುದಿಲ್ಲ. ಕಡೆಗೊಮ್ಮೆ ದನಿ ಬಂತು. ಬಂದದ್ದು ಮೈದಾನದ ದನಿ, ಹೋದದ್ದು ಬರಲೇ ಇಲ್ಲ. ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಒಂದು ಬಸ್ಸು ಕರೆದಳಂತೆ, ಪ್ರಯಾಣಿಕರು ಎಂಟು ಎಂದಳೋ ಒಂದು ಎಂದಳೋ ತಿಳಿಯದೆ ಅಡ್ಡಾದಿಡ್ಡಿ ಓಡಿದರಂತೆ. ಮೇಲ್ವಿಚಾರಕರು ಒಳ್ಳೆಯವರು, ಕಳೆದುಹೋದ ಸಾಮಾನುಗಳ ಕೌಂಟರಿಗೆ ಹಾಕಿದರು. ಅಲ್ಲಿ ಕೆಲವು ತಿಂಗಳಿದ್ದು ಬಿಟ್ಟಳು.

ಎರಡನೆಯ ಆಲ್ಬಮ್ಮನ್ನು ಕಂಪನಿಯ ಸ್ಟುಡಿಯೋದಲ್ಲೇ ಮಾಡಿದರು, ನೆಟ್ಟಗಿನ ಕರೆಂಟಿನಲ್ಲಿ. ಮಾಲೀಕರು ಯಾವ ಗುಂಡಿಯನ್ನೂ ತಿರುಗಿಸಬೇಕಾಗಲಿಲ್ಲ. ಅದು ಮೊದಲಿನದಕ್ಕಿಂತ ಹೆಚ್ಚು ಓಡಿತು. ಅಮ್ಮನ ಕನ್ನಡಿಯ ಸುತ್ತ ಈಗ ಮುಖ ನೋಡಿಕೊಳ್ಳಲು ಜಾಗವಿಲ್ಲ.

ಮೊನ್ನೆ ಊರಿಂದೂರಿಗೆ ತಿರುಗಿ ಎರಡು ದಿನದ ಮಟ್ಟಿಗೆ ಮನೆಗೆ ಬಂದಿದ್ದಳು. ಜೊತೆಯಲ್ಲಿ ಬಂದಿದ್ದ ಪೇಂಟರ್ ನನ್ನ ಮುಖ ನೋಡಿಯೇ ಏನೋ ತಿಳಿದುಕೊಂಡು, "ಅಕ್ಕ, ಹಳೇ ಟೇಪು ನನ್ನ ಹತ್ರಾನೇ ಇದೆ. ಜೋರಾಗಿ ಓಡಿಸಿ ಒಂದು ಕ್ಯಾಸೆಟ್ ಮಾಡ್ಕೊಡ್ಲಾ? ಆ ದನಿ ಹಾಗೇ ಸಿಗುತ್ತೆ" ಎಂದ. ಬೇಡ ಎಂದೆ. ಅದರಲ್ಲಿರುವುದು ಕೂಗು. ಅಕ್ಕ ಟೀ ಇದೆಯಾ, ಅಕ್ಕ ಬಾಗಿಲು ತೆಗಿ, ಅದನ್ನೆಲ್ಲ ಯಾರು ಟೇಪಿಗೆ ತುಂಬಿಟ್ಟಿದ್ದಾರೆ.

ಅವನು ಹೋದ ಮೇಲೆ ನನಗೆ ತಡೆಯಲಾಗಲಿಲ್ಲ. "ಕೈಯಾರೆ ಕೊಂದ್ಯಲ್ಲೇ ಅದನ್ನ. ಎಂಥ ದನಿ ಇತ್ತು ನಿಂದು" ಎಂದೆ.

ಅವಳು ಬಾಲ್ಕನಿಯಿಂದ ಒಳಗೆ ಬಂದು ನಿಂತಳು. "ಎಂಥದಿತ್ತು? ಹೇಳು ನೋಡೋಣ."

ತಿಳಿಯಾಗಿತ್ತು ಎಂದೆ. ತೆಳುವಾಗಿತ್ತು, ಒಂದಕ್ಷರ ನುಂಗುತ್ತಿರಲಿಲ್ಲ ಎಂದೆ. ಇನ್ನೂ ಏನೋ ಹೇಳಲು ಹುಡುಕಿದೆ, ಸಿಗಲಿಲ್ಲ.

"ಬಸ್ ಸ್ಟ್ಯಾಂಡಲ್ಲೂ ಎಲ್ರೂ ಅಷ್ಟೇ ಹೇಳ್ತಿದ್ರು" ಎಂದಳು. ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ. "ಇಷ್ಟು ವರ್ಷ ಅದರಲ್ಲಿ ಬಸ್ಸು ಕರೆದೆ ಅಕ್ಕ. ಎಲ್ರಿಗೂ ಬಸ್ಸು ಕೇಳಿಸ್ತು. ನಿಂಗೂ ಅಷ್ಟೇ, ಟೀ ಹೊತ್ತಾಯ್ತು ಅಂತ ಕೇಳಿಸ್ತು. ಈಗ ನಾನು ಬಾಯಿ ತೆಗೆದ್ರೆ ಜನ ನಿಂತು ನನ್ನನ್ನ ಕೇಳ್ತಾರೆ."

ಅಡುಗೆಮನೆಗೆ ಹೋಗಿ ಒಲೆಯ ಮೇಲೆ ನೀರಿಟ್ಟೆ. ಅವಳಿಗೆ ಬೆನ್ನು ಮಾಡಿ ನಿಂತು, ಅವಳ ಚಿಕ್ಕಂದಿನ ದನಿಯನ್ನು ನೆನಪಿಗೆ ತಂದುಕೊಳ್ಳಲು ನೋಡಿದೆ. ಶಾಲೆಯಿಂದ ಓಡಿಬಂದು ಎರಡೆರಡು ಮೆಟ್ಟಿಲು ಹಾರುತ್ತ ಅಕ್ಕಾ ಎಂದು ಕೂಗುತ್ತಿದ್ದಳಲ್ಲ, ಅದನ್ನು ಹೇಗೆ ಮರೆಯಲಾದೀತು. ಎಲ್ಲವೂ ನೆನಪಿಗೆ ಬಂತು, ಎರಡು ಜಡೆ, ಬಿಚ್ಚಿದ ಬೂಟಿನ ದಾರ, ಬೆವೆತ ಮುಖ. ಆ ಪುಟ್ಟ ಹುಡುಗಿ ಮೆಟ್ಟಿಲು ಹತ್ತಿ ಬಂದು, ಬಾಯಿ ತೆರೆದು, ಕ್ಯಾಸೆಟ್ಟಿನ ದನಿಯಲ್ಲಿ ಅಕ್ಕಾ ಎಂದಳು.